ಮುಸಾಫಿರ್ ಹಕ್ಕಿಗಳ ತಂಗುದಾಣದಲ್ಲಿ

ಕಾಶ್ಮೀರ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ದಾಲ್ ಸರೋವರದ ಶಿಕಾರಾ, ಗುಲ್ಮಾರ್ಗ್‌ನ ಹಿಮ, ಟ್ಯುಲಿಪ್ ತೋಟ, ಕೇಸರಿ, ಶಾಲು. ನಮಗೂ ಅಷ್ಟೇ ಗೊತ್ತಿತ್ತು. ಆದರೆ ಪ್ರವಾಸಿಗಳ ಟ್ಯಾಕ್ಸಿಗಳು ನಿಲ್ಲದೆ ದಾಟಿ ಹೋಗುವ ಒಂದು ನೀರಿನ ಬಯಲು ಅಲ್ಲಿದೆ. ಅದರ ಹೆಸರು ಹೊಕರ್‌ಸರ್. ಶ್ರೀನಗರದಿಂದ ಬಾರಾಮುಲ್ಲಾ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಿಗುತ್ತದೆ. ಇಂದು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಸ್ವೆಟರ್ ಹಾಕಿಕೊಳ್ಳಿ, ಚಳಿ ಇದೆ.

ನಾವು ಹೋದದ್ದು 2023ರ ಮಾರ್ಚ್ ಎರಡನೆಯ ವಾರದಲ್ಲಿ. ರಮಝಾನ್‌ಗೆ ಇನ್ನು ಹತ್ತು ಹನ್ನೆರಡು ದಿನಗಳಿದ್ದವು. ನನ್ನ ಪತಿ ಗಲ್ಫ್‌ನಲ್ಲಿದ್ದಾಗ ಅವರ ಕೋಣೆಯಲ್ಲೇ ಇದ್ದ ಕಾಶ್ಮೀರಿ ಗೆಳೆಯರೊಬ್ಬರ ಮನೆ ಶ್ರೀನಗರದಲ್ಲಿದೆ. ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದರು. ಮೊದಲ ದಿನವೇ ನಾನು ಗುಲ್ಮಾರ್ಗ್‌ಗೆ ಹೋಗುವ ಮಾತೆತ್ತಿದಾಗ ಆ ಮನೆಯೊಡತಿ ನಕ್ಕು ಹೇಳಿದರು: "ಗುಲ್ಮಾರ್ಗ್ ಎಲ್ಲಿಗೂ ಓಡಿ ಹೋಗುವುದಿಲ್ಲ ಆಪಾ. ನಮ್ಮ ಮೆಹಮಾನರು ಮಾತ್ರ ಈ ವಾರ ಹೊರಟು ನಿಂತಿದ್ದಾರೆ. ಮೊದಲು ಅವರನ್ನು ನೋಡಿ ಬನ್ನಿ." ಮೆಹಮಾನರೆಂದರೆ ಯಾರೋ ನೆಂಟರಿರಬೇಕೆಂದು ನಾನು ಭಾವಿಸಿದ್ದೆ. ಆಮೇಲೆ ತಿಳಿಯಿತು, ಕಾಶ್ಮೀರದಲ್ಲಿ ವಲಸೆ ಹಕ್ಕಿಗಳನ್ನು 'ಮೆಹಮಾನ್ ಪರಿಂದೆ' ಎಂದು ಕರೆಯುತ್ತಾರೆ. ಅತಿಥಿ ಹಕ್ಕಿಗಳು.

ಎರಡು ಪರ್ವತಗಳ ನಡುವೆ

ಕಾಶ್ಮೀರ ಕಣಿವೆ ಒಂದು ದೊಡ್ಡ ದೋಣಿಯಂತಿದೆ. ಉದ್ದ ಸುಮಾರು 135 ಕಿಲೋಮೀಟರ್, ಅಗಲ ಸುಮಾರು 32. ಒಂದು ಬದಿಯಲ್ಲಿ ಪೀರ್ ಪಂಜಾಲ್ ಪರ್ವತಗಳು, ಇನ್ನೊಂದು ಬದಿಯಲ್ಲಿ ಹಿಮಾಲಯದ ಮಹಾಶ್ರೇಣಿ. ಕಣಿವೆ ಎಂದ ಮಾತ್ರಕ್ಕೆ ತಗ್ಗು ಪ್ರದೇಶ ಎಂದುಕೊಳ್ಳಬೇಡಿ. ಅದರ ನೆಲವೇ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನಮ್ಮ ಮಡಿಕೇರಿ ಪೇಟೆಗಿಂತ ನಾನೂರು ಮೀಟರ್‌ಗೂ ಹೆಚ್ಚು ಮೇಲೆ. ಅಷ್ಟು ಎತ್ತರದಲ್ಲಿ ಝೇಲಂ ನದಿ ನಿಧಾನವಾಗಿ ಹರಿಯುತ್ತಾ ಅಕ್ಕಪಕ್ಕದಲ್ಲಿ ಸರೋವರಗಳನ್ನೂ ಜೌಗು ಭೂಮಿಗಳನ್ನೂ ತುಂಬಿಸುತ್ತದೆ. ವುಲಾರ್, ಹೈಗಾಮ್, ಶಲ್ಲಬುಗ್, ಹೊಕರ್‌ಸರ್ ಇವೆಲ್ಲ ಅಂತಹವು.

ಅಲ್ಲಿನ ಚಳಿಗಾಲಕ್ಕೆ ಲೆಕ್ಕವಿದೆ. ಡಿಸೆಂಬರ್ 21ರಿಂದ ನಲ್ವತ್ತು ದಿನ 'ಚಿಲ್ಲೆ ಕಲಾನ್', ಅಂದರೆ ದೊಡ್ಡ ಚಳಿ. ನಂತರ ಇಪ್ಪತ್ತು ದಿನ 'ಚಿಲ್ಲೆ ಖುರ್ದ್', ಸಣ್ಣ ಚಳಿ. ಕೊನೆಗೆ ಹತ್ತು ದಿನ 'ಚಿಲ್ಲೆ ಬಚ್ಚಾ', ಮರಿ ಚಳಿ. ಇವು ಕಳೆದ ಮೇಲೆ ಬರುವ ವಸಂತಕ್ಕೆ 'ಸೊಂತ್' ಎನ್ನುತ್ತಾರೆ. ನಾವು ಹೋದಾಗ ಸೊಂತ್ ಕಾಲಿಟ್ಟಿತ್ತು. ಎಲೆಯೇ ಇಲ್ಲದ ಬಾದಾಮಿ ಕೊಂಬೆಗಳ ಮೇಲೆ ತಿಳಿಗುಲಾಬಿ ಹೂವುಗಳು ಬಿರಿಯತೊಡಗಿದ್ದವು. ಬೆಟ್ಟದ ತಲೆಯ ಮೇಲೆ ಮಾತ್ರ ಹಿಮ ಹಾಗೆಯೇ ಇತ್ತು.

ಸೈಬೀರಿಯಾ ಮತ್ತು ಮಧ್ಯ ಏಷ್ಯಾದ ನೀರು ಹೆಪ್ಪುಗಟ್ಟುವ ಅಕ್ಟೋಬರ್‌ನಲ್ಲಿ ಈ ಕಣಿವೆಗೆ ಬಾತು, ಹೆಬ್ಬಾತುಗಳು ಲಕ್ಷಗಟ್ಟಲೆ ಬರುತ್ತವೆ. ಮಾರ್ಚ್, ಎಪ್ರಿಲ್‌ನಲ್ಲಿ ಮರಳುತ್ತವೆ. ಇನ್ನೂ ದಕ್ಷಿಣಕ್ಕೆ ಹೋಗಿದ್ದ ಹಕ್ಕಿಗಳಲ್ಲಿಯೂ ಕೆಲವು ಹಿಂದಿರುಗುವ ದಾರಿಯಲ್ಲಿ ಇಲ್ಲಿ ಇಳಿದು, ನಾಲ್ಕು ದಿನ ತಿಂದು, ದಣಿವಾರಿಸಿಕೊಂಡು ಮುಂದೆ ಹೋಗುತ್ತವೆ. ಎದುರಿಗೆ ಹಿಮಾಲಯವನ್ನು ದಾಟುವ ಕಷ್ಟದ ದಾರಿಯಿದೆ. ಅದಕ್ಕೆ ಮೊದಲಿನ ತಂಗುದಾಣ ಇದು.

ಫಜ್ರ್ ನಂತರ ಹೊಕರ್‌ಸರ್‌ನಲ್ಲಿ

ಫಜ್ರ್ ನಮಾಝ್ ಮುಗಿಸಿ, ಉಪ್ಪು ಹಾಕಿದ ಗುಲಾಬಿ ಬಣ್ಣದ 'ನೂನ್ ಚಾಯ್' ಕುಡಿದು, ಕಾಂದುರ್‌ನ ಒಲೆಯಿಂದ ಆಗ ತಾನೇ ಬಂದ ರೊಟ್ಟಿ ತಿಂದು ಹೊರಟೆವು. ಮನೆಯೊಡತಿಯೂ ಜೊತೆಗೆ ಬಂದರು. ಅವರ ಫಿರನ್‌ನೊಳಗೆ ಕೆಂಡದ ಕಾಂಗ್ಡಿ ಬೆಚ್ಚಗಿತ್ತು. ನನ್ನ ಕೈ ಮರಗಟ್ಟಿರುವುದನ್ನು ಕಂಡು ದಾರಿಯುದ್ದಕ್ಕೂ ಅದನ್ನು ನನ್ನ ಮಡಿಲಿಗೆ ದಾಟಿಸುತ್ತಲೇ ಇದ್ದರು.

ನೀರು ಕಾಣುವ ಮೊದಲೇ ಸದ್ದು ಕೇಳಿಸಿತು. ಮದುವೆ ಮನೆಯ ಹೊರಗೆ ನಿಂತರೆ ಕೇಳುವ ಗದ್ದಲದಂತೆ. ದಿಬ್ಬ ಹತ್ತಿ ನಿಂತಾಗ ಮಂಜಿನಲ್ಲಿ ಏನೂ ಕಾಣಲಿಲ್ಲ. ಆರೂ ಮುಕ್ಕಾಲರ ಹೊತ್ತಿಗೆ ಬಿಸಿಲು ತಾಗಿತು. ಮಂಜು ಸರಿದಂತೆ ಒಣಗಿದ ಜೊಂಡಿನ ನಡುವೆ ನೀರು, ನೀರಿನ ಮೇಲೆ ಕಪ್ಪು ಚುಕ್ಕೆಗಳು ಕಂಡವು. ಪತಿ ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟರು. ಸುಬ್‌ಹಾನಲ್ಲಾಹ್! ಆ ಚುಕ್ಕೆಗಳೆಲ್ಲ ಹಕ್ಕಿಗಳೇ.

ಮೊದಲ ಸಲ ನೋಡುವವರಿಗೆ ಎಲ್ಲವೂ 'ಬಾತುಕೋಳಿ' ಮಾತ್ರ. ಒಂದೊಂದನ್ನೇ ನಿಧಾನವಾಗಿ ಗುರುತಿಸಿ. ತಲೆ ಮಿರುಗುವ ಹಸಿರು, ಕುತ್ತಿಗೆಗೆ ಬಿಳಿ ಉಂಗುರ ಇದ್ದರೆ ಅದು ಗಂಡು ಮಲ್ಲಾರ್ಡ್. ಕಾಶ್ಮೀರಿಗಳು 'ನೀಲಿಜ್' ಎನ್ನುತ್ತಾರೆ. ನೀಳ ಕುತ್ತಿಗೆ, ಸೂಜಿಯಂತಹ ಬಾಲ ಇದ್ದರೆ ಸೂಜಿಬಾಲದ ಬಾತು. ಕೊಕ್ಕು ಸಟ್ಟುಗದಂತೆ ಅಗಲವಾಗಿದ್ದು, ಅದನ್ನು ನೀರಿನಲ್ಲಿ ಅತ್ತಿತ್ತ ಆಡಿಸಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದು ಸಲಿಕೆ ಕೊಕ್ಕಿನ ಬಾತು. ಎಲ್ಲಕ್ಕಿಂತ ಚಿಕ್ಕದು ಟೀಲ್. ಕಪ್ಪು ಮೈ, ಹಣೆಯ ಮೇಲೆ ಬಿಳಿ ಗುರುತು ಇರುವುದು ನಾಮದ ಕೋಳಿ. ಇವೆಲ್ಲದರ ನಡುವೆ ಹಿರಿಯರಂತೆ ಗಂಭೀರವಾಗಿ ತೇಲುವ, ಬೂದು ಮೈಯ, ದಪ್ಪ ಕೊಕ್ಕಿನ ದೊಡ್ಡ ಹಕ್ಕಿ ಬೂದು ಹೆಬ್ಬಾತು. ಕಾಶ್ಮೀರಿಯಲ್ಲಿ 'ಆಂಝ್'.

ಒಮ್ಮೆಲೇ ಜೌಗು ಗಿಡುಗವೊಂದು ಜೊಂಡಿನ ಮೇಲೆ ತಗ್ಗಾಗಿ ಹಾರಿ ಬಂತು. ಇಡೀ ನೀರೇ ಎದ್ದು ನಿಂತಂತೆ ಸಾವಿರಾರು ರೆಕ್ಕೆಗಳು ಮೇಲೇರಿದವು. ಟೀಲ್‌ಗಳು ಒಂದೇ ಬಟ್ಟೆಯ ತುಂಡಿನಂತೆ ತಿರುಗಿ, ಬಿಸಿಲಿಗೆ ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ ಕಂಡು ಮತ್ತೆ ಇಳಿದವು. ಹೆಬ್ಬಾತುಗಳ ಒಂದು ಗುಂಪು ಮಾತ್ರ ಇಳಿಯಲಿಲ್ಲ. ಎರಡು ಸುತ್ತು ಹಾಕಿ, ಓರೆ ಗೆರೆಯಲ್ಲಿ ಸಾಲಾಗಿ, ಕೂಗುತ್ತಾ ಉತ್ತರದ ಕಡೆಗೆ ಹೋದವು. ಕಣ್ಣಿಗೆ ಕಾಣುವವರೆಗೆ ನೋಡಿದೆವು. ಆಮೇಲೆ ಬರೀ ಕೂಗು. ಆಮೇಲೆ ಅದೂ ಇಲ್ಲ. "ಫೀ ಅಮಾನಿಲ್ಲಾಹ್" ಎಂದರು ಮನೆಯೊಡತಿ, ಮಗನನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವ ತಾಯಿಯಂತೆ.

ಹೊರಡು ಎಂದು ಹೇಳುವವರು ಯಾರು?

ಹಕ್ಕಿಗೆ ಹೊರಡುವ ಹೊತ್ತು ತಿಳಿಯುವುದು ಹೇಗೆ? ಹಗಲು ಉದ್ದವಾಗುತ್ತಾ ಹೋದಂತೆ ಬೆಳಕಿನ ಈ ಬದಲಾವಣೆಯನ್ನು ಹಕ್ಕಿಯ ದೇಹ ಗ್ರಹಿಸುತ್ತದೆ. ಒಳಗೆ ಹಾರ್ಮೋನುಗಳು ಬದಲಾಗುತ್ತವೆ. ಹಸಿವು ಹೆಚ್ಚುತ್ತದೆ. ತಿಂದದ್ದು ಕೊಬ್ಬಾಗಿ ಚರ್ಮದಡಿ ಸೇರುತ್ತದೆ. ಅದೇ ಪ್ರಯಾಣದ ಬುತ್ತಿ. ಹೊರಡುವ ಕಾಲದಲ್ಲಿ ಪಂಜರದಲ್ಲಿಟ್ಟರೂ ವಲಸೆ ಹಕ್ಕಿ ರಾತ್ರಿ ನಿದ್ರಿಸದೆ, ತಾನು ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ಚಡಪಡಿಸುತ್ತದೆ. ಸೂರ್ಯ, ನಕ್ಷತ್ರಗಳು, ಭೂಮಿಯ ಕಾಂತಶಕ್ತಿ ಅದಕ್ಕೆ ದಾರಿ ತೋರಿಸುತ್ತವೆ. ಹೆಬ್ಬಾತುಗಳು ಕುಟುಂಬ ಸಮೇತ ಹೋಗುತ್ತವೆ. ಮರಿಗಳು ತಾಯಿ ತಂದೆಯ ಜೊತೆ ಹಾರುತ್ತಲೇ ದಾರಿ ಕಲಿಯುತ್ತವೆ. ಆದರೆ ಅನೇಕ ಸಣ್ಣ ಹಕ್ಕಿಗಳು ಜೀವನದ ಮೊದಲ ವಲಸೆಯನ್ನು ಯಾರ ಜೊತೆಯೂ ಇಲ್ಲದೆ, ಒಮ್ಮೆಯೂ ನೋಡದ ನಾಡಿಗೆ, ಕತ್ತಲಲ್ಲೇ ಮಾಡುತ್ತವೆ.

ಹೆಬ್ಬಾತುಗಳಲ್ಲಿ ಇನ್ನೊಂದು ಬಗೆಯಿದೆ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಪಟ್ಟೆತಲೆ ಹೆಬ್ಬಾತು. ಅದನ್ನು ನೋಡಲು ನೀವು ಕಾಶ್ಮೀರಕ್ಕೆ ಹೋಗಬೇಕಿಲ್ಲ. ಚಳಿಗಾಲದಲ್ಲಿ ಅದು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೇ ಬರುತ್ತದೆ. ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಈ ಹಕ್ಕಿಗಳಿಗೆ ವಿಜ್ಞಾನಿಗಳು ಉಪಗ್ರಹ ಸಾಧನ ಕಟ್ಟಿ ನೋಡಿದ್ದಾರೆ. ಹಿಮಾಲಯದ ಏರನ್ನು ಅವು ಏಳೆಂಟು ಗಂಟೆಗಳಲ್ಲೇ ಮುಗಿಸುತ್ತವೆ. 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆಯಿದೆ. ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ. ಆಗ ಗಾಳಿ ತಣ್ಣಗಿದ್ದು ಸಾಂದ್ರವಾಗಿರುತ್ತದೆ, ರೆಕ್ಕೆಗೆ ಆಧಾರ ಸಿಗುತ್ತದೆ. ತೆಳು ಗಾಳಿಯಿಂದಲೂ ಆಮ್ಲಜನಕ ಹೀರಬಲ್ಲ ರಕ್ತವನ್ನು ಅವುಗಳಿಗೆ ನೀಡಲಾಗಿದೆ.

ರಾತ್ರಿ ಮಲಗುವ ಮುನ್ನ ಸೂರಃ ಅಲ್‌ಮುಲ್ಕ್ ಓದುವ ಅಭ್ಯಾಸ ನಮ್ಮಲ್ಲಿ ಅನೇಕ ಸಹೋದರಿಯರಿಗಿದೆ. ತಲೆಯ ಮೇಲೆ ರೆಕ್ಕೆ ಬಿಚ್ಚುವ, ಮಡಚುವ ಹಕ್ಕಿಗಳನ್ನು ನೋಡಿಲ್ಲವೇ ಎಂದು ಅದರಲ್ಲಿ ಅಲ್ಲಾಹನು ನಮ್ಮನ್ನು ಕೇಳುತ್ತಾನೆ. ಎಷ್ಟು ವರ್ಷಗಳಿಂದ ಓದಿದ್ದೇನೆ! ನಿಜವಾಗಿ ತಲೆಯೆತ್ತಿ ನೋಡಿದ್ದು ಅಂದು, ಆ ದಿಬ್ಬದ ಮೇಲೆ. ಪ್ರವಾದಿಯವರು(ಸ) ತವಕ್ಕುಲ್‌ಗೆ ಕೊಟ್ಟ ಉದಾಹರಣೆಯೂ ಹಕ್ಕಿಯದ್ದೇ ಅಲ್ಲವೇ? ಬೆಳಿಗ್ಗೆ ಹಸಿದು ಹೊರಡುವ ಹಕ್ಕಿ ಸಂಜೆ ಹೊಟ್ಟೆ ತುಂಬಿ ಮರಳುತ್ತದೆ. ಗಮನಿಸಿ, ಅದು ಗೂಡಿನಲ್ಲೇ ಕುಳಿತಿರುವುದಿಲ್ಲ. ಹೊರಡುತ್ತದೆ.

ಹುದ್‌ಹುದ್ ಬಂತು

ಒಂದು ಕಡೆಯವರು ಹೊರಡುವಾಗಲೇ ಇನ್ನೊಂದು ಕಡೆಯವರು ಬಂದಿಳಿಯುವುದು ಈ ಕಾಲದ ವಿಶೇಷ. ಬಾತುಗಳು ಉತ್ತರಕ್ಕೆ ಹೊರಟರೆ, ಬಯಲು ನಾಡಿನಲ್ಲಿ ಚಳಿ ಕಳೆದ ಹಕ್ಕಿಗಳು ಗೂಡು ಕಟ್ಟಲು ಕಣಿವೆಗೆ ಏರಿ ಬರುತ್ತವೆ. ಮರಳುವ ದಾರಿಯಲ್ಲಿ, ವಿಲೋ ಮರಗಳ ಕೆಳಗಿನ ಹುಲ್ಲಿನಲ್ಲಿ ಅಂತಹ ಒಂದು ಹಕ್ಕಿ ಉದ್ದ ಕೊಕ್ಕನ್ನು ಮಣ್ಣಿಗೆ ಚುಚ್ಚುತ್ತಾ ನಡೆಯುತ್ತಿತ್ತು. ನಮ್ಮನ್ನು ಕಂಡು ತಲೆಯ ಮೇಲಿನ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿತು. ಕನ್ನಡದಲ್ಲಿ ಚಂದ್ರಮುಕುಟ, ಕಾಶ್ಮೀರಿಯಲ್ಲಿ 'ಸತುತ್'. ನಮಗೆಲ್ಲ ಹೆಚ್ಚು ಪರಿಚಯದ ಹೆಸರು ಹುದ್‌ಹುದ್! ಪ್ರವಾದಿ ಸುಲೈಮಾನ್‌ರ(ಅ) ದರ್ಬಾರಿಗೆ ತಡವಾಗಿ ಬಂದು, ಸಬಾ ನಾಡಿನ ರಾಣಿಯ ಸುದ್ದಿ ತಂದ ಹಕ್ಕಿ. ಕರ್ನಾಟಕದಲ್ಲಿ ಇದನ್ನು ವರ್ಷವಿಡೀ ಕಾಣಬಹುದು. ಕಾಶ್ಮೀರದವರಿಗೆ ಮಾತ್ರ ಇದು ವಸಂತದ ಸುದ್ದಿಗಾರ.

ಜೊಂಡು ಹೊತ್ತ ಅಜ್ಜಿ

ದಿಬ್ಬದ ಕೊನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಒಣ ಜೊಂಡಿನ ಹೊರೆ ಇಳಿಸಿ ಕುಳಿತಿದ್ದರು. ಈ ಜೊಂಡಿನಿಂದ 'ವಗುವ್' ಎಂಬ ಚಾಪೆ ಹೆಣೆಯುತ್ತಾರೆ. ಚಳಿಗಾಲದಲ್ಲಿ ನೆಲಕ್ಕೆ ಹಾಸಿದರೆ ಬೆಚ್ಚಗಿರುತ್ತದೆ. ಸಲಾಮ್ ಹೇಳಿ ಪಕ್ಕದಲ್ಲಿ ಕುಳಿತೆ. ಅವರ ಕಾಶ್ಮೀರಿಯನ್ನು ಮನೆಯೊಡತಿ ಉರ್ದುವಿಗೆ ಮಾಡಿ ಹೇಳುತ್ತಿದ್ದರು.

ಹಕ್ಕಿಗಳು ಹೋದ ಮೇಲೆ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ಮೆಹಮಾನರು ಹೋಗುವುದಕ್ಕೆ ಬೇಸರವೇಕೆ ಮಗಳೇ? ಬಂದಾಗ ಬಾಗಿಲು ಮುಚ್ಚಿದ್ದರೆ ಬೇಸರ" ಎಂದರು.

ಅವರು ಹೇಳಿದ ಕಥೆಯನ್ನು ನೀವೂ ಕೇಳಬೇಕು. 2014ರ ಸೆಪ್ಟೆಂಬರ್‌ನಲ್ಲಿ ಝೇಲಂ ಉಕ್ಕಿ ಶ್ರೀನಗರದ ಬಹುಭಾಗ ಮುಳುಗಿದ್ದು ನಿಮಗೆ ನೆನಪಿರಬಹುದು. ನದಿಯ ಹೆಚ್ಚುವರಿ ನೀರನ್ನು ನಗರದಿಂದ ಆಚೆ ಸಾಗಿಸುವ ಪ್ರವಾಹ ಕಾಲುವೆ ಹೊಕರ್‌ಸರ್ ಮೂಲಕವೇ ಹೋಗುತ್ತದೆ. ಇಂತಹ ಜೌಗು ಭೂಮಿಗಳು ಸ್ಪಂಜಿನಂತೆ. ನೀರು ಹೆಚ್ಚಾದಾಗ ಹೀರಿ ಇಟ್ಟುಕೊಂಡು, ಮೆಲ್ಲನೆ ಬಿಡುತ್ತವೆ. ಆದರೆ 1969ರಲ್ಲಿ ಸುಮಾರು 19 ಚದರ ಕಿಲೋಮೀಟರ್ ಇದ್ದ ಹೊಕರ್‌ಸರ್ 2008ರ ಹೊತ್ತಿಗೆ ಸುಮಾರು 13ಕ್ಕೆ ಕುಗ್ಗಿತ್ತು. ತೊರೆಗಳು ಹೂಳು ತಂದು ತುಂಬಿದವು. ಜನರು ಅಂಚಿನಿಂದ ಒತ್ತುತ್ತಾ ಬಂದರು. ಕೆಲವೆಡೆ ಗದ್ದೆ, ಕೆಲವೆಡೆ ಮನೆ. 2005ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು ನಿಜ, ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೀರಿಗೆ ಜಾಗ ಸಿಗುವುದಿಲ್ಲ.

ಅಜ್ಜಿಯ ಮಕ್ಕಳು ಕಟ್ಟಿದ ಹೊಸ ಮನೆಯೂ ಅಂತಹ ಅಂಚಿನಲ್ಲೇ ಇತ್ತು. ನೆಲ ಅಂತಸ್ತು ಪೂರ್ತಿ ಮುಳುಗಿತು. ಮೊಮ್ಮಗಳ ಮದುವೆಗೆ ಜೋಡಿಸಿಟ್ಟಿದ್ದ ಬಟ್ಟೆ, ಪಾತ್ರೆ, ವರ್ಷದ ಅಕ್ಕಿ ಎಲ್ಲವೂ ಹೋಯಿತು. ಅದನ್ನು ಹೇಳುವಾಗ ಅವರು ಯಾರನ್ನೂ ಬೈಯಲಿಲ್ಲ. "ನೀರು ಕಳ್ಳನ ಹಾಗೆ ಬರಲಿಲ್ಲ, ಯಜಮಾನನ ಹಾಗೆ ಬಂತು. ಅದರ ಜಾಗದಲ್ಲಿ ನಾವು ಕುಳಿತಿದ್ದೆವು" ಎಂದರು. ಆಮೇಲೆ ನನ್ನತ್ತ ತಿರುಗಿ ಸಹಜವಾಗಿ ಕೇಳಿದರು: "ನಿಮ್ಮ ಊರಿನಲ್ಲೂ ಹಕ್ಕಿ ಇಳಿಯುವ ನೀರು ಇದೆಯೇ?"

ನನಗೆ ಉತ್ತರ ಹೊಳೆಯಲಿಲ್ಲ. ಇದ್ದದ್ದನ್ನು ಹೇಳುತ್ತೇನೆ. ನಮ್ಮ ಮನೆಯ ಹಿಂದೆ ಒಂದು ಮದಗ ಇತ್ತು. ನಾನು ಮದುವೆಯಾಗಿ ಬಂದಾಗ ಅದರ ದಂಡೆಯಲ್ಲೇ ಬಟ್ಟೆ ಒಗೆಯುತ್ತಿದ್ದೆವು. ಚಳಿಗಾಲದಲ್ಲಿ ಹಳದಿ ಹೊಟ್ಟೆಯ, ಸದಾ ಬಾಲ ಕುಣಿಸುವ ಒಂದು ಪುಟ್ಟ ಹಕ್ಕಿ ಒಗೆಯುವ ಕಲ್ಲಿನ ಹತ್ತಿರವೇ ಓಡಾಡುತ್ತಿತ್ತು. ಹದಿನೈದು ವರ್ಷಗಳ ಹಿಂದೆ ಕುಟುಂಬದಲ್ಲಿ ಪಾಲಾದಾಗ ಮದಗದ ಅರ್ಧಕ್ಕೆ ಮಣ್ಣು ತುಂಬಿಸಿ ನಮ್ಮ ಮನೆ ಕಟ್ಟಿದೆವು. ಈಗ ಪ್ರತಿ ಮಳೆಗಾಲದಲ್ಲೂ ಅಡುಗೆಮನೆಯ ಹಿಂಬಾಗಿಲವರೆಗೆ ನೀರು ಬರುತ್ತದೆ, ನಾವು ಚರಂಡಿಯನ್ನು ದೂರುತ್ತೇವೆ. ಉಳಿದ ಅರ್ಧವನ್ನೂ ತುಂಬಿಸುವ ಮಾತು ಆ ವರ್ಷವೇ ನಡೆದಿತ್ತು. ನಾನೂ ಒಪ್ಪಿದ್ದೆ. ಸೊಳ್ಳೆ ಕಾಟ ತಪ್ಪುತ್ತದೆ ಎಂದು.

ಅದೇ ಹಕ್ಕಿಯನ್ನು ನಾನು ಕಾಶ್ಮೀರದಲ್ಲಿ ಕಂಡೆ. ಒಂದು ತೊರೆಯ ಕಲ್ಲಿನ ಮೇಲೆ, ಅದೇ ಬಾಲ, ಅದೇ ಕುಣಿತ. ಅದರ ಹೆಸರು ಬೂದು ಸಿಪಿಲೆ ಎಂದು ತಿಳಿದದ್ದೂ ಅಲ್ಲೇ. ಹಿಮಾಲಯದ ತೊರೆಗಳ ಬದಿಯಲ್ಲಿ ಗೂಡು ಕಟ್ಟುವ ಇದು ಚಳಿಗಾಲ ಕಳೆಯಲು ನಮ್ಮ ಘಟ್ಟ, ಕರಾವಳಿಗಳಿಗೆ ಬರುತ್ತದೆ. ಕಾಶ್ಮೀರದ ಕಾಡುಗಳಲ್ಲಿ ಮರಿ ಮಾಡುವ ಕಾಶ್ಮೀರ ನೊಣಹಿಡುಕ ಎಂಬ ಇನ್ನೊಂದು ಹಕ್ಕಿ ನಮ್ಮ ಕೈ ಬೆರಳುಗಳಷ್ಟೂ ತೂಗದು. ಅದು ಪಶ್ಚಿಮ ಘಟ್ಟದ ದಕ್ಷಿಣ ಭಾಗಕ್ಕೂ ಶ್ರೀಲಂಕಾಕ್ಕೂ ಹೋಗಿ ಬರುತ್ತದೆ. ನಾವು ಒಮ್ಮೆ ಕಾಶ್ಮೀರಕ್ಕೆ ಹೋಗಿ ಬಂದದ್ದನ್ನು ಊರಿಗೆಲ್ಲ ಹೇಳುತ್ತೇವೆ. ಅವು ಪ್ರತಿ ವರ್ಷ ಹೋಗಿ ಬರುತ್ತವೆ.

ತಂಗುದಾಣದ ಬಾಗಿಲು

ಮುಸಾಫಿರನ ಕಷ್ಟ ಇಸ್ಲಾಮಿಗೆ ಚೆನ್ನಾಗಿ ಗೊತ್ತು. ಅವನಿಗೆ ನಮಾಝ್ ಹ್ರಸ್ವಗೊಳಿಸಲು ಅನುಮತಿಯಿದೆ, ಉಪವಾಸವನ್ನು ಮುಂದೂಡಲು ರಿಯಾಯಿತಿಯಿದೆ, ಝಕಾತ್‌ನಲ್ಲಿಯೂ ಪಾಲಿದೆ. ಹಿಂದಿನವರು ದಾರಿಯುದ್ದಕ್ಕೂ ಮುಸಾಫಿರ್‌ಖಾನೆ ಕಟ್ಟಿಸುತ್ತಿದ್ದರು, ಬಾವಿ ತೋಡಿಸುತ್ತಿದ್ದರು. ಹೊಕರ್‌ಸರ್, ಮಾಗಡಿ ಕೆರೆ, ನಮ್ಮ ಹಿತ್ತಿಲ ಮದಗ ಇವೆಲ್ಲ ಹಕ್ಕಿಗಳ ಮುಸಾಫಿರ್‌ಖಾನೆಗಳೇ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ನೀರಿದ್ದ ಜಾಗದಲ್ಲಿ ನೀರಿಲ್ಲದಿದ್ದರೆ ಮುಂದೆ ಹೋಗಲು ಬುತ್ತಿಯಿಲ್ಲ, ಹಿಂದೆ ಹೋಗಲೂ ಆಗದು. ಅದೇ ಬಾಗಿಲು ಮುಚ್ಚಿದಾಗ ನೀರು ನಮ್ಮ ಬಾಗಿಲಿಗೆ ಬರುತ್ತದೆ ಎಂಬುದನ್ನು ಆ ಅಜ್ಜಿ ಕಂಡಿದ್ದಾರೆ.

ನಮ್ಮ ದೇಶದಲ್ಲಿ ಹಕ್ಕಿಗಳ ಬಗ್ಗೆ ಅರಿವು ಹರಡಿದವರಲ್ಲಿ ಮೊದಲ ಹೆಸರು ಡಾ. ಸಲೀಂ ಅಲಿ ಅವರದ್ದು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿ ತಂದೆಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವರು. ಬಾಲ್ಯದಲ್ಲಿ ಬಂದೂಕಿನಿಂದ ಹೊಡೆದ ಗುಬ್ಬಚ್ಚಿಯೊಂದರ ಕುತ್ತಿಗೆಯ ಹಳದಿ ಬಣ್ಣ ಏಕೆಂದು ಕೇಳಲು ಹೋದದ್ದೇ ಅವರ ಬದುಕನ್ನು ಬದಲಿಸಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಅವರ ಒತ್ತಾಯದಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಂದು ಪ್ರಶ್ನೆ ಕೇಳುವ ಮಗುವನ್ನು ಗದರಿಸದೆ ಉತ್ತರ ಹುಡುಕಲು ಕಳುಹಿಸಿದ ಮಾವನನ್ನೂ ನಾವು ನೆನೆಯಬೇಕು. ನಿಮ್ಮ ಮಗು "ಅದು ಯಾವ ಹಕ್ಕಿ?" ಎಂದರೆ "ಯಾವುದೋ ಒಂದು" ಎನ್ನಬೇಡಿ.

ಹೋಗುವ ಮನಸ್ಸಿದ್ದರೆ ಮಾರ್ಚ್ ಮಧ್ಯದೊಳಗೆ ಹೋಗಿ. ಹೊಕರ್‌ಸರ್ ವನ್ಯಜೀವಿ ಇಲಾಖೆಯ ಸಂರಕ್ಷಿತ ಪ್ರದೇಶ, ಅವರ ಅನುಮತಿ ಕೇಳಿ ಒಳಗೆ ಹೋಗಿ. ಬೆಳಗಿನ ಹೊತ್ತು ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ. ಗಾಢ ಬಣ್ಣದ ಬಟ್ಟೆ, ಸೆಂಟು, ಗಟ್ಟಿ ಮಾತು ಬೇಡ. ಒಳ್ಳೆಯ ಬೈನಾಕ್ಯುಲರ್ ಒಂದಿದ್ದರೆ ಮನೆಯವರೆಲ್ಲ ಸರದಿಯಲ್ಲಿ ನೋಡಬಹುದು. ಅಷ್ಟು ದೂರ ಆಗದಿದ್ದರೆ ಡಿಸೆಂಬರ್, ಜನವರಿಯಲ್ಲಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ. 2024ರಲ್ಲಿ ಅದೂ ರಾಮ್ಸಾರ್ ಪಟ್ಟಿಗೆ ಸೇರಿದೆ. ಅದೂ ಆಗದಿದ್ದರೆ ಹಿತ್ತಿಲಿಗೆ ಹೋಗಿ ನಿಂತು ನೋಡಿ.

ಊರಿಗೆ ಬಂದ ವಾರವೇ ನಾನು ಮದಗದ ಮಾತೆತ್ತಿದೆ. ಪತಿ ಸುಮ್ಮನಿದ್ದರು. ಭಾವ ಮಾತ್ರ, "ಹಕ್ಕಿಗಾಗಿ ಏಳು ಸೆಂಟ್ಸ್ ಜಾಗ ಬಿಡುವುದೇ?" ಎಂದು ನಕ್ಕರು. "ಹಕ್ಕಿಗೆ ಮಾತ್ರ ಅಲ್ಲ ಭಾವ, ನಮ್ಮ ಅಡುಗೆಮನೆಗೂ" ಎಂದೆ. ಅವರು ಇಂದಿಗೂ ಪೂರ್ತಿ ಒಪ್ಪಿಲ್ಲ. ಆದರೆ ಮಣ್ಣಿನ ಲಾರಿಯೂ ಬಂದಿಲ್ಲ. ಸೊಳ್ಳೆಗೆಂದು ಮೀನು ಬಿಟ್ಟಿದ್ದೇವೆ, ದಂಡೆಯ ಕಸ ತೆಗೆಸಿದ್ದೇವೆ. ಅಕ್ಟೋಬರ್ ಬಂದರೆ ಬೆಳಿಗ್ಗೆ ಹಿಂಬಾಗಿಲು ತೆರೆಯುವಾಗ ನನ್ನ ಕಣ್ಣು ಮೊದಲು ಆ ಹಳೆಯ ಒಗೆಯುವ ಕಲ್ಲಿನ ಮೇಲೆ ಹೋಗುತ್ತದೆ.